ಬಡ್ತಿ ಬಂತು, ನಿದ್ದೆ ಹೋಯಿತು: ಸಾಡೇಸಾತಿಯೋ, ದಣಿವೋ, ಖಿನ್ನತೆಯೋ?

ಪ್ರಶ್ನೆ: ನನಗೆ 44 ವರ್ಷ. 2007ರಲ್ಲಿ ಸರ್ಕಾರಿ ಬ್ಯಾಂಕೊಂದಕ್ಕೆ ಆಫೀಸರ್ ಆಗಿ ಸೇರಿದೆ. 2024ರ ಜೂನ್‌ನಲ್ಲಿ ಬಡ್ತಿ ಸಿಕ್ಕಿ ಹಾವೇರಿ ಜಿಲ್ಲೆಯ ತಾಲ್ಲೂಕು ಊರೊಂದಕ್ಕೆ ಬ್ರ್ಯಾಂಚ್ ಮ್ಯಾನೇಜರ್ ಆಗಿ ಬಂದೆ. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ ಹುಬ್ಬಳ್ಳಿಯಲ್ಲಿದ್ದಾರೆ. ಈ ಬಡ್ತಿಗಾಗಿ ವರ್ಷಗಟ್ಟಲೆ ಹಂಬಲಿಸಿದ್ದೆ. ಬಂದ ಮೇಲೆ ಎರಡು ತಿಂಗಳೂ ಖುಷಿ ಉಳಿಯಲಿಲ್ಲ. ರಿಕವರಿ, ಟಾರ್ಗೆಟ್, ರಾತ್ರಿ ಒಂಬತ್ತಕ್ಕೆ ವಿಡಿಯೊ ಮೀಟಿಂಗ್. ಬೆಳೆಸಾಲ ಕೇಳಲು ಬಂದ ರೈತನಿಗೆ ವಿಮೆ ಪಾಲಿಸಿ ಅಂಟಿಸುವಾಗ ನನ್ನ ಮೇಲೇ ಅಸಹ್ಯವಾಗುತ್ತದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬಾರದು. ಒಂದೇ ಫೈಲನ್ನು ಮೂರು ಸಲ ಓದುತ್ತೇನೆ. ಐದು ಕೆ.ಜಿ. ಇಳಿದಿದ್ದೇನೆ. ಮಗಳು ಸ್ಕೂಲಿನಲ್ಲಿ ಬಹುಮಾನ ತಂದಾಗಲೂ ಏನೂ ಅನ್ನಿಸಲಿಲ್ಲ. ನಿದ್ದೆಗೆಂದು ಎರಡು ಪೆಗ್, ಅದು ಸಾಲದಿದ್ದರೆ ಸ್ನೇಹಿತರು ಕೊಟ್ಟ ಆಲ್ಪ್ರಜೋಲಾಮ್ ಮಾತ್ರೆ. ನನ್ನದು ಮೇಷ ರಾಶಿ, ಸಾಡೇಸಾತಿ ನಡೆಯುತ್ತಿದೆ ಎಂದು ಅಮ್ಮ ಹೇಳುತ್ತಾರೆ. ಅವರು ತೋರಿಸಿದ ಜ್ಯೋತಿಷಿ ಹೇಳಿದ್ದೆಲ್ಲ ನನಗೆ ತಾಳೆಯಾಗುತ್ತಿದೆ. ಶಾಂತಿ ಹೋಮಕ್ಕೆ 35 ಸಾವಿರ, ನೀಲದ ಉಂಗುರಕ್ಕೆ 60 ಸಾವಿರ ಆ ಜ್ಯೋತಿಷಿ ಕೇಳಿದ್ದಾರೆ. ‘ಕಾಯಕವೇ ಕೈಲಾಸ’ ಎನ್ನುವ ಮನೆಯಲ್ಲಿ ಬೆಳೆದವನಿಗೆ ಕೆಲಸವೇ ಬೇಡವಾಗಿದೆ. ರಾಜೀನಾಮೆ ಕೊಟ್ಟುಬಿಡಲೇ? ಒಮ್ಮೊಮ್ಮೆ ಬೆಳಿಗ್ಗೆ ಏಳದೇ ಹೋದರೂ ಪರವಾಗಿಲ್ಲ ಅನ್ನಿಸುತ್ತದೆ. ಹೆಸರು ಬೇಡ.

ಉತ್ತರ: ಕೊನೆಗೆ ಸುಮ್ಮನೆ ಸೇರಿಸಿದಂತೆ ಬರೆದಿರುವ ಸಾಲಿನಿಂದಲೇ ಶುರು ಮಾಡುತ್ತೇನೆ. ‘ಏಳದೇ ಹೋದರೂ ಪರವಾಗಿಲ್ಲ’ ಎನ್ನುವುದು ಸಾಯಲು ಹೊರಟವರ ಮಾತೇ ಆಗಬೇಕಿಲ್ಲ. ದಣಿದ ಮನಸ್ಸು ಬಿಡುವು ಕೇಳುವುದೂ ಹೀಗೆಯೇ. ಆದರೆ ಈ ಸಾಲು ಬಂದ ಮೇಲೆ ಅದನ್ನು ಒಬ್ಬರೇ ಇಟ್ಟುಕೊಳ್ಳಬಾರದು. ಈ ವಾರ ಹುಬ್ಬಳ್ಳಿಗೆ ಹೋದಾಗ ಪತ್ನಿಗೆ ಇದೇ ಮಾತಿನಲ್ಲಿ ಹೇಳಿ, ಅಲಂಕಾರ ಬೇಡ. ಬಾಡಿಗೆ ಕೋಣೆಯಲ್ಲಿರುವ ಮಾತ್ರೆಗಳನ್ನೂ ಬಾಟಲಿಯನ್ನೂ ಅವರ ಕೈಗೆ ಕೊಡಿ; ಮಾತ್ರೆ ದಿನವೂ ನುಂಗುತ್ತಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸಬಾರದು, ಅದನ್ನು ಮುಂದೆ ಹೇಳುತ್ತೇನೆ. ‘ಹೇಗೆ’, ‘ಯಾವಾಗ’ ಎಂಬ ಯೋಚನೆ ಯಾವತ್ತಾದರೂ ಬಂದರೆ ಅಂದೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ಜೊತೆಗೊಬ್ಬರನ್ನು ಕರೆದುಕೊಂಡು. ನಡುರಾತ್ರಿ ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಇನ್ನು ನಿಮ್ಮ ಚಿಂತೆ. ಪತ್ರದಲ್ಲಿ ನಾಲ್ಕು ವಿಷಯ ಒಂದರೊಳಗೊಂದು ಸಿಕ್ಕಿಕೊಂಡಿವೆ: ಬಯಸಿದ್ದು ಸಿಕ್ಕರೂ ಖುಷಿ ಏಕೆ ನಿಲ್ಲಲಿಲ್ಲ, ಕೆಲಸ ಏಕೆ ಅಸಹ್ಯವಾಯಿತು, ಇದು ಗ್ರಹಚಾರವೇ, ನೌಕರಿ ಬಿಡಲೇ. ಇವನ್ನು ಬಿಡಿಸದೆ ರಾಜೀನಾಮೆ ಕೊಟ್ಟರೂ, ಹೋಮ ಮಾಡಿಸಿದರೂ ಕುರುಡಾಗಿ ಬಾಣ ಬಿಟ್ಟಂತೆ.

ಬಡ್ತಿಯ ಖುಷಿ ಬೇಗ ಇಳಿದದ್ದು ರೋಗವಲ್ಲ, ಕೃತಘ್ನತೆಯೂ ಅಲ್ಲ. ಹೊಸ ಸಂಬಳ, ಹೊಸ ಕುರ್ಚಿ ಎಲ್ಲಕ್ಕೂ ಮನಸ್ಸು ಒಗ್ಗಿಕೊಳ್ಳುತ್ತದೆ. 1978ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲಾಟರಿ ಗೆದ್ದ 22 ಜನರನ್ನು ಅಕ್ಕಪಕ್ಕದ ಸಾಮಾನ್ಯರೊಡನೆ ಹೋಲಿಸಿ ನೋಡಿದರು. ಗೆದ್ದವರು ಹೆಚ್ಚು ಸುಖಿಗಳಾಗಿರಲಿಲ್ಲ; ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿಯಂಥ ಸಣ್ಣ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷ ಉಳಿದವರಿಗಿಂತ ಕಡಿಮೆ ಇತ್ತು. ಚಿಕ್ಕ ಅಧ್ಯಯನ, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬಾರದು. ಎಲ್ಲದಕ್ಕೂ ನಾವು ಒಗ್ಗುವುದೂ ಇಲ್ಲ. ದಿನವೂ ಅವಮಾನಿಸುವ ಮೇಲಧಿಕಾರಿ, ಮನೆಯವರಿಂದ ದೂರ, ಮನಸ್ಸಾಕ್ಷಿಗೆ ಒಪ್ಪದ ಕೆಲಸ, ಇವು ವರ್ಷ ಕಳೆದರೂ ಅಷ್ಟೇ ಚುಚ್ಚುತ್ತವೆ. ಸಿಹಿ ಬೇಗ ಸಪ್ಪೆಯಾಗಿ ಮುಳ್ಳು ಹಾಗೇ ಉಳಿದಿದೆ. ನಿಮ್ಮ ಎರಡು ತಿಂಗಳ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ.

ಮಗಳ ಬಹುಮಾನಕ್ಕೂ ಏನೂ ಅನ್ನಿಸದಿರುವುದು ಬೇರೆಯೇ ಸಂಗತಿ. ಹೆಚ್ಚು ಗಮನ ಬೇಕಿರುವುದು ಅಲ್ಲಿ.

ಕೆಲಸದ ದಣಿವಿಗೆ ‘ಬರ್ನ್‌ಔಟ್’ ಎಂಬ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಹೇಳಿತು, ಕಾಯಿಲೆ ಎನ್ನಲಿಲ್ಲ. ಮೂರು ಗುರುತುಗಳು: ಶಕ್ತಿ ಬಸಿದುಹೋಗುವುದು, ಕೆಲಸದ ಬಗ್ಗೆ ತಾತ್ಸಾರ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವನೆ. ಮೂರೂ ಕೆಲಸದ ಸುತ್ತಲೇ ಇರುತ್ತವೆ. ಐದು ದಿನ ರಜೆ ಹಾಕಿ ಫೋನ್ ಬದಿಗಿಟ್ಟರೆ ಮೂರನೇ ದಿನದ ಹೊತ್ತಿಗೆ ಅಂಥವರು ಮಕ್ಕಳ ಜೊತೆ ನಗುತ್ತಾರೆ, ಊಟ ರುಚಿಸುತ್ತದೆ. ಭಾನುವಾರ ಸಂಜೆ ಮತ್ತೆ ಹೊಟ್ಟೆ ಕಿವುಚುತ್ತದೆ. ಖಿನ್ನತೆಗೆ ರಜೆಯ ಹಂಗಿಲ್ಲ. ಹಬ್ಬದ ಮನೆಯಲ್ಲೂ ಅದು ಜೊತೆಗೇ ಬರುತ್ತದೆ, ಅನೇಕರಿಗೆ ಬೆಳಗಿನ ಹೊತ್ತು ಹೆಚ್ಚು ಭಾರವಾಗಿ ಸಂಜೆಗೆ ಕೊಂಚ ಸಡಿಲವಾಗುತ್ತದೆ, ಹಸಿವು ಮತ್ತು ತೂಕ ಇಳಿಯುತ್ತವೆ, ಎದ್ದೇಳುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲೇ ಎಚ್ಚರವಾಗುತ್ತದೆ.

ಪತ್ರ ನೋಡಿ ರೋಗ ನಿರ್ಧರಿಸುವುದು ಸರಿಯಲ್ಲ. ಆದರೆ ಎಣಿಸಲು ಅಡ್ಡಿಯಿಲ್ಲ. ಖಿನ್ನತೆಗೆ ವೈದ್ಯರು ನೋಡುವ ಒಂಬತ್ತು ಲಕ್ಷಣಗಳಲ್ಲಿ ಐದು, ಎರಡು ವಾರ ಬಿಡದೆ, ದಿನದ ಹೆಚ್ಚಿನ ಹೊತ್ತು ಇರಬೇಕು. ಅದರಲ್ಲಿ ಮಂಕುತನ ಅಥವಾ ಆಸಕ್ತಿ ಬತ್ತಿಹೋಗುವುದು ಇರಲೇಬೇಕು. ಆಸಕ್ತಿ, ನಿದ್ದೆ, ತೂಕ, ಏಕಾಗ್ರತೆ, ತನ್ನ ಮೇಲೇ ಅಸಹ್ಯ, ಸಾವಿನ ಯೋಚನೆ: ನಿಮ್ಮ ಪತ್ರದಲ್ಲೇ ಆರು ಸಿಗುತ್ತವೆ. ದಣಿವಾಗಿ ಶುರುವಾದದ್ದು ಖಿನ್ನತೆಯವರೆಗೆ ಜಾರಿರುವ ಸಾಧ್ಯತೆ ಬಲವಾಗಿದೆ ಎಂದೇ ನನ್ನ ಅಂದಾಜು.

ಮನೆಯಲ್ಲೇ ಮಾಡಬಹುದಾದ ಒಂದು ಅಳತೆ ಇದೆ: ಪಿಎಚ್‌ಕ್ಯು-9. ಆ ಒಂಬತ್ತು ಲಕ್ಷಣಗಳ ಬಗ್ಗೆ ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದಲ್ಲಿ ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚೂಕಡಿಮೆ ದಿನವೂ ಎಂದರೆ 3. ಒಟ್ಟು 27. ಹತ್ತು ಮುಟ್ಟಿದರೆ ವೈದ್ಯರನ್ನು ಕಾಣಬೇಕು, 20 ಮುಟ್ಟಿದರೆ ತಡ ಮಾಡಲೇಬಾರದು. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅಲ್ಲಿ 1 ಬಂದರೂ ಒಟ್ಟು ಎಷ್ಟಾಯಿತು ಎಂದು ನೋಡುತ್ತ ಕೂರುವುದು ಬೇಡ. ಬೆಳಿಗ್ಗೆ ತುಂಬಿದರೆ ಅಂಕ ಹೆಚ್ಚು ಬರುವುದುಂಟು, ಹಾಗಾಗಿ ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ ತುಂಬಿ, ದಿನಾಂಕ ಬರೆದಿಡಿ.

ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ತಪ್ಪು. ನಲವತ್ತು ದಾಟಿದವರಿಗೆ ಥೈರಾಯ್ಡ್ ಏರುಪೇರು, ಸಕ್ಕರೆ ಕಾಯಿಲೆ, ರಕ್ತಹೀನತೆ, ಬಿ12 ಕೊರತೆ ಇವೆಲ್ಲ ಇದೇ ವೇಷದಲ್ಲಿ ಬರುತ್ತವೆ. ಕಷ್ಟಪಡದೆ ಐದು ಕೆ.ಜಿ. ಇಳಿದಿರುವುದಕ್ಕಂತೂ ಉತ್ತರ ಬೇಕು. ಟಿಎಸ್‌ಎಚ್ (ಥೈರಾಯ್ಡ್), ಎಚ್‌ಬಿಎ1ಸಿ (ಸಕ್ಕರೆ), ಸಿಬಿಸಿ (ರಕ್ತಕಣಗಳ ಎಣಿಕೆ), ಬಿ12, ಲಿವರ್ ಪರೀಕ್ಷೆ, ಇಷ್ಟನ್ನು ಮೊದಲ ಭೇಟಿಗೇ ಮಾಡಿಸಿಕೊಂಡು ಹೋಗಿ. ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗುವುದು ಇದೆಯೇ ಎಂದು ಪತ್ನಿಯನ್ನು ಕೇಳಿ. ಇದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಮೂರು ಗಂಟೆಗೆ ಎಚ್ಚರವಾಗುವುದರಲ್ಲಿ ಆ ಎರಡು ಪೆಗ್‌ಗೂ ಪಾಲಿದೆ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ ನಿಜ. ಮೂರ್ನಾಲ್ಕು ಗಂಟೆಯಲ್ಲಿ ಅದು ರಕ್ತದಿಂದ ಇಳಿಯುತ್ತಿದ್ದಂತೆ ಮೆದುಳು ತಿರುಗಿಬಿದ್ದು ಎಚ್ಚರಿಸುತ್ತದೆ, ಎದೆ ಬಡಿತ ಏರುತ್ತದೆ. ಹನ್ನೊಂದಕ್ಕೆ ಕುಡಿದು ಮಲಗಿದರೆ ಮೂರಕ್ಕೆ ಏಳುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಆಲ್ಪ್ರಜೋಲಾಮ್ ಅದಕ್ಕಿಂತ ಅಪಾಯದ್ದು. ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಜೋತುಬೀಳುತ್ತದೆ. ಮದ್ಯದ ಮೇಲೆ ನುಂಗಿದರೆ ಉಸಿರಾಟವೇ ಕುಗ್ಗಬಹುದು. ಎರಡನ್ನೂ ಒಂದೇ ರಾತ್ರಿ ತೆಗೆದುಕೊಳ್ಳುವುದನ್ನು ಇಂದಿನಿಂದಲೇ ನಿಲ್ಲಿಸಿ. ಆದರೆ ಮಾತ್ರೆಯನ್ನು ವಾರಗಟ್ಟಲೆ ದಿನವೂ ನುಂಗಿದ್ದರೆ ಒಮ್ಮೆಲೇ ಬಿಡಬೇಡಿ: ನಡುಕ, ವಿಪರೀತ ಆತಂಕ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಎಷ್ಟು ದಿನದಿಂದ, ಎಷ್ಟು ಮಿಲಿಗ್ರಾಂ ಎಂದು ಮುಚ್ಚಿಡದೆ ಹೇಳಿದರೆ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ದಿನವೂ ಕುಡಿಯುತ್ತಿದ್ದರೆ ಅದನ್ನೂ ಹೀಗೆಯೇ ಹೇಳಿ.

ಸಾಡೇಸಾತಿಯ ಮಾತು. ನಂಬಿಕೆಯನ್ನು ಬಿಡಿ ಎಂದು ಹೇಳುವುದು ನನ್ನ ಕೆಲಸವಲ್ಲ, ಅಮ್ಮನೊಡನೆ ವಾದಕ್ಕಿಳಿಯುವುದರಿಂದ ನಿಮಗೆ ಲಾಭವೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಶನಿ ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು, ಒಂದೊಂದು ರಾಶಿಯಲ್ಲಿ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ. ಅಂದರೆ ಯಾವ ಹೊತ್ತಿನಲ್ಲಿ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಸಾಡೇಸಾತಿ ಇದ್ದೇ ಇರುತ್ತದೆ, ಹೆಚ್ಚೂಕಡಿಮೆ ನಾಲ್ವರಲ್ಲಿ ಒಬ್ಬರಿಗೆ. ನಿಮ್ಮ ಬ್ರ್ಯಾಂಚಿನಲ್ಲಿ ಎಂಟು ಜನರಿದ್ದರೆ ಸರಾಸರಿ ಲೆಕ್ಕಕ್ಕೆ ಇಬ್ಬರಿಗೆ ನಡೆಯುತ್ತಿರಬಹುದು. ಅವರ ನಿದ್ದೆ ಹೇಗಿದೆ ಎಂದು ವಿಚಾರಿಸಿ ನೋಡಬಹುದು. ಇನ್ನೊಂದು ಅಂಶ: ಆಕಾಶದಲ್ಲಿ ಗ್ರಹಗಳಿರುವ ನಿಜ ಸ್ಥಾನಕ್ಕೆ ಹೊಂದುವಂತೆ ಲೆಕ್ಕ ಹಾಕುವ ದೃಗ್ಗಣಿತ ಪಂಚಾಂಗಗಳ ಪ್ರಕಾರ ಶನಿ ಮೀನಕ್ಕೆ ಬಂದು ಮೇಷ ರಾಶಿಗೆ ಸಾಡೇಸಾತಿ ಶುರುವಾದದ್ದು 2025ರ ಮಾರ್ಚ್ ಕೊನೆಗೆ. ನಿಮ್ಮ ಖುಷಿ ಕರಗಿದ್ದು ಅದಕ್ಕೂ ಮೊದಲು, 2024ರ ಮಳೆಗಾಲದಲ್ಲಿ. ಶನಿ ಬರುವ ಮುಂಚೆಯೇ ಬ್ಯಾಂಕಿನ ವರ್ಗಾವಣೆ ಆದೇಶ ಬಂದಿತ್ತು.

ಹಾಗಾದರೆ ಜ್ಯೋತಿಷಿ ಹೇಳಿದ್ದೆಲ್ಲ ಅಷ್ಟು ಸರಿಯಾಗಿ ತಾಳೆಯಾದದ್ದು ಹೇಗೆ? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಃಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ‘ಇದು ನಿಮ್ಮ ನಿಮ್ಮ ವ್ಯಕ್ತಿತ್ವದ ವಿವರ’ ಎಂದು ಒಂದೊಂದು ಹಾಳೆ ಕೊಟ್ಟ. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಬಹುಪಾಲು ಜ್ಯೋತಿಷ್ಯದ ಪುಸ್ತಕವೊಂದರಿಂದ ತೆಗೆದದ್ದು. ಎಷ್ಟು ಸರಿಹೊಂದುತ್ತದೆ ಎಂದು ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಬಂತು. ‘ಕಷ್ಟಪಟ್ಟಷ್ಟು ಫಲವಿಲ್ಲ, ನಂಬಿದವರಿಂದಲೇ ನೋವು, ರಾತ್ರಿ ಚಿಂತೆ’ ಎಂದರೆ ಒಪ್ಪದ ಬ್ಯಾಂಕ್ ಮ್ಯಾನೇಜರ್ ಯಾರಿದ್ದಾರೆ ಹೇಳಿ.

ಶನಿವಾರ ಅಮ್ಮನ ಜೊತೆ ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚುವುದರಿಂದ ಕೆಡುಕಿಲ್ಲ. ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಡುವುದು, ನಾಲ್ಕು ಜನರ ನಡುವೆ ಕೂರುವುದು, ತನಗಿಂತ ದೊಡ್ಡದೊಂದರ ಮೇಲೆ ಭಾರ ಹಾಕುವುದು, ಮೂರೂ ಮನಸ್ಸಿಗೆ ಒಳ್ಳೆಯವೇ. ತೊಂದರೆ ಆಗುವುದು ಮೂರು ಕಡೆ: ಪೂಜೆ ಮುಗಿಯಲಿ ಎಂದು ಚಿಕಿತ್ಸೆ ಮುಂದೂಡಿದಾಗ, ಒಂದು ಹೋಮ ಫಲಿಸದಿದ್ದರೆ ಇನ್ನೊಂದು ಎಂದು ಖರ್ಚು ಏರುತ್ತ ಹೋದಾಗ, ‘ಪೂರ್ವಜನ್ಮದ ಪಾಪ’ ಎಂಬ ಮಾತು ಮೊದಲೇ ತನ್ನನ್ನು ಹಳಿದುಕೊಳ್ಳುತ್ತಿರುವವನ ತಲೆಗೆ ಹೊಕ್ಕಾಗ. ಮೂರನೆಯದು ನಿಮ್ಮಂಥವರಿಗೆ ತೀರ ಕೆಟ್ಟದ್ದು. 95 ಸಾವಿರ ನಿಮ್ಮ ದುಡ್ಡು, ನಿಮ್ಮಿಷ್ಟ. ನನ್ನನ್ನು ಕೇಳಿದರೆ ಉಂಗುರದ ಮಾತನ್ನು ಆರು ತಿಂಗಳು ಮುಂದಕ್ಕೆ ಹಾಕಿ, ‘ಅಷ್ಟರಲ್ಲಿ ಡಾಕ್ಟರ್ ಹೇಳಿದ್ದೂ ಒಂದು ನೋಡೋಣ ಅಮ್ಮ’ ಎನ್ನಿ. ಒಪ್ಪುತ್ತಾರೆ.

ಅಂದಹಾಗೆ, ಹತ್ತು ದಿನದ ಮೌನ ಶಿಬಿರಕ್ಕೆ ಹೋಗು ಎಂದು ಯಾರಾದರೂ ಸೂಚಿಸಿದರೆ ಈಗ ಬೇಡ. ಖಿನ್ನತೆ ಗಾಢವಾಗಿರುವಾಗ ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಅದೇ ಯೋಚನೆ ಗಿರಕಿ ಹೊಡೆಯುತ್ತದೆ. ಧ್ಯಾನ ಚೇತರಿಕೆಯ ನಂತರ ಒಳ್ಳೆಯ ಜೊತೆ. ಈಗ ನಡಿಗೆ ವಾಸಿ.

‘ಕಾಯಕವೇ ಕೈಲಾಸ’ವನ್ನು ನೀವು ನಿಮ್ಮ ಬೆನ್ನಿಗೆ ಬೀಸುವ ಚಾಟಿ ಮಾಡಿಕೊಂಡಿದ್ದೀರಿ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅವನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಆಸೆ ಬೇಡವೆಂದು ಗದರಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಎಷ್ಟು ಸಾಕು ಎಂಬ ಅಳತೆ ಕಾಯಕದ ಒಳಗೇ ಇತ್ತು. ತಿಂಗಳ ಕೊನೆಯ ಟಾರ್ಗೆಟ್‌ಗೆ ಆ ಅಳತೆ ಇಲ್ಲ. ಬೇಡದ ಪಾಲಿಸಿಯನ್ನು ರೈತನಿಗೆ ಕಟ್ಟಲು ಮನಸ್ಸು ಒಪ್ಪದಿದ್ದರೆ ಅದು ಸೋಮಾರಿತನವಲ್ಲ. ಕೆಲಸದ ದಣಿವನ್ನು ಅಧ್ಯಯನ ಮಾಡಿದವರು ಆರು ಕಾರಣ ಗುರುತಿಸುತ್ತಾರೆ: ಹೊರೆ, ಕೈಯಲ್ಲಿ ಅಧಿಕಾರವಿಲ್ಲದಿರುವುದು, ತಕ್ಕ ಪ್ರತಿಫಲವಿಲ್ಲದಿರುವುದು, ಜೊತೆಗಾರರ ಬೆಂಬಲವಿಲ್ಲದಿರುವುದು, ಅನ್ಯಾಯ, ಮೌಲ್ಯಗಳ ತಿಕ್ಕಾಟ. ನಿಮ್ಮದರಲ್ಲಿ ಮೊದಲೆರಡು ಮತ್ತು ಕೊನೆಯದು ಎದ್ದು ಕಾಣುತ್ತವೆ. ಇಂಥ ಕಡೆ ‘ಟೈಮ್ ಮ್ಯಾನೇಜ್‌ಮೆಂಟ್’ ಕಲಿತು ಏನೂ ಆಗದು.

ಈಗ ದಾರಿಗಳು. ಮೊದಲು ರಾಜೀನಾಮೆ, ಏಕೆಂದರೆ ತಪ್ಪಿದರೆ ತಿದ್ದಲಾಗದ್ದು ಅದೊಂದೇ. ನೀವು ಸೇರಿದ್ದು 2010ರ ಏಪ್ರಿಲ್‌ಗೆ ಮೊದಲು, ಆದ್ದರಿಂದ 1995ರ ಪಿಂಚಣಿ ನಿಯಮಾವಳಿಯೊಳಗೆ ಇರುತ್ತೀರಿ. ಎಚ್‌ಆರ್ ವಿಭಾಗದಲ್ಲಿ ಖಚಿತ ಮಾಡಿಕೊಳ್ಳಿ. ಅದರಂತೆ ರಾಜೀನಾಮೆ ಕೊಟ್ಟವರ ಹಿಂದಿನ ಸೇವೆಯೆಲ್ಲ ಪಿಂಚಣಿಯ ಮಟ್ಟಿಗೆ ಹೋದಂತೆ. 20 ವರ್ಷ ಅರ್ಹ ಸೇವೆ ತುಂಬಿದ ಮೇಲೆ ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂನಿವೃತ್ತಿ ಪಡೆದರೆ ಪಿಂಚಣಿ ಉಳಿಯುತ್ತದೆ. ನಿಮಗೆ 20 ತುಂಬುವುದು 2027ರಲ್ಲಿ. ಸಂಬಳವಿಲ್ಲದ ರಜೆ ಹಾಕಿದ್ದರೆ ಆ ದಿನಗಳು ಲೆಕ್ಕಕ್ಕೆ ಬಾರದೇ ಇರಬಹುದು, ಸರ್ವಿಸ್ ದಾಖಲೆ ತೆಗೆಸಿ ನೋಡಿ. ಸಿಬ್ಬಂದಿ ದರದ ಗೃಹಸಾಲ ಇದ್ದರೆ ಬಿಟ್ಟ ದಿನದಿಂದ ಬಡ್ಡಿ ಏರುವುದು ಸಾಮಾನ್ಯ. ಇನ್ನೂ ಮುಖ್ಯವಾದ ಮಾತೆಂದರೆ, ಖಿನ್ನತೆಯಲ್ಲಿರುವಾಗ ಮುಂದಿನದೆಲ್ಲ ಕತ್ತಲಾಗಿಯೇ ಕಾಣುತ್ತದೆ. ಆಗ ಮಾಡಿದ ತೀರ್ಮಾನ ಚೇತರಿಸಿಕೊಂಡ ಮೇಲೆ ಬೇರೆಯವರು ಮಾಡಿದಂತೆ ತೋರುವುದುಂಟು. ಬಿಡಲೇಬಾರದು ಎನ್ನುತ್ತಿಲ್ಲ, ಈ ಮೂರು ತಿಂಗಳಲ್ಲಿ ಬೇಡ.

ನಡುವಿನ ದಾರಿಗಳಿವೆ. ವೈದ್ಯರ ಸರ್ಟಿಫಿಕೇಟ್ ಮೇಲೆ ಎರಡು ಮೂರು ವಾರ ಸಿಕ್ ಲೀವ್. ಮನೋವೈದ್ಯರ ಸರ್ಟಿಫಿಕೇಟೂ ವೈದ್ಯರದ್ದೇ. ರಜೆಯನ್ನು ಹಾಸಿಗೆಯಲ್ಲಿ ಕಳೆದರೆ ಹದಗೆಡುತ್ತದೆ, ಹುಬ್ಬಳ್ಳಿಯ ಮನೆಯಲ್ಲಿರಿ. ಜೊತೆಗೆ ಕುಟುಂಬದ ಕಾರಣ ತೋರಿಸಿ ಹುಬ್ಬಳ್ಳಿ-ಧಾರವಾಡಕ್ಕೋ, ಬ್ರ್ಯಾಂಚ್ ಅಲ್ಲದ ಆಡಳಿತ ಅಥವಾ ಸಾಲ ಪರಿಶೀಲನಾ ವಿಭಾಗಕ್ಕೋ ವರ್ಗಾವಣೆ ಕೇಳಿ ಲಿಖಿತ ಅರ್ಜಿ ಕೊಡಿ. ಮುಂದಿನ ಬಡ್ತಿ ತಡವಾಗಬಹುದು, ಕೇಳಿದ್ದು ಸಿಗದೇ ಹೋಗಬಹುದು. ಅರ್ಜಿ ಹಾಕಿದ್ದರಿಂದ ಪಿಂಚಣಿಯಂತೂ ಹೋಗದು.

ಚಿಕಿತ್ಸೆಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಕೆಲಸದ ಊರಿನಿಂದ ಅದು ದೂರವಾದರೆ ಹಾವೇರಿ ಜಿಲ್ಲಾಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ಆಸ್ಪತ್ರೆಯವರಿಂದ ಬ್ಯಾಂಕಿಗೆ ಗೊತ್ತಾದೀತು ಎಂಬ ಭಯ ಬೇಡ. ನಿಮ್ಮ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು.

ಮಾತ್ರೆ ಬರೆದರೆ ಹೆಚ್ಚಾಗಿ ಎಸಿಟಾಲೊಪ್ರಾಮ್ ಅಥವಾ ಸೆರ್ಟ್ರಲಿನ್‌ನಂಥದ್ದು ಇರುತ್ತದೆ. ಮೊದಲ ವಾರ ವಾಕರಿಕೆ, ಚಡಪಡಿಕೆ ಬರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಜನ ಬಿಟ್ಟುಬಿಡುವುದು ಸರಿಯಾಗಿ ಈ ನಡುವೆಯೇ, ತೊಂದರೆ ಮೊದಲು ಬಂದು ಗುಣ ಆಮೇಲೆ ಬರುವುದರಿಂದ. ಲೈಂಗಿಕ ಆಸಕ್ತಿ ಕುಗ್ಗುವುದೂ ಉಂಟು. ನಾಚಿಕೊಂಡು ಮಾತ್ರೆ ನಿಲ್ಲಿಸುವುದಕ್ಕಿಂತ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಎಂಬುದು ಸುಳ್ಳು: ಮೊದಲ ಸಲದ ಖಿನ್ನತೆಗೆ ಗುಣವಾದ ನಂತರ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ ನಿಧಾನವಾಗಿ ಇಳಿಸುತ್ತಾರೆ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನ್ನುವಷ್ಟು ಹುರುಪು, ಅತಿಯಾದ ಮಾತು, ಕೈಬಿಚ್ಚಿ ಖರ್ಚು, ಹೀಗೆ ನಾಲ್ಕೈದು ದಿನ ಕಳೆದದ್ದಿದ್ದರೆ ಅದನ್ನು ಮೊದಲೇ ಹೇಳಿ. ಆಗ ಔಷಧದ ಆಯ್ಕೆಯೇ ಬೇರೆ.

ಔಷಧದ ಜೊತೆಗೆ ಮಾಡಬೇಕಾದ್ದೊಂದಿದೆ, ನೋಡಲು ಪೇಲವ, ಕೆಲಸ ಮಾಡುವುದು ಚೆನ್ನಾಗಿ. ಒಂದು ವಾರ ನೋಟ್‌ಬುಕ್ಕಿನಲ್ಲಿ ಗಂಟೆಗಂಟೆಗೂ ಏನು ಮಾಡಿದಿರಿ ಎಂದು ಬರೆದು ಪಕ್ಕದಲ್ಲಿ ಎರಡು ಅಂಕ ಹಾಕಿ: ಖುಷಿಗೆ ಹತ್ತಕ್ಕೆ ಎಷ್ಟು, ಮಾಡಿ ಮುಗಿಸಿದ ತೃಪ್ತಿಗೆ ಎಷ್ಟು. ‘ಎಲ್ಲ ಸೊನ್ನೆ’ ಎಂದುಕೊಂಡವರ ಪುಸ್ತಕದಲ್ಲೂ ಅಲ್ಲೊಂದು ಇಲ್ಲೊಂದು 2, 3 ಸಿಗುತ್ತದೆ. ಮಗನ ಲೆಕ್ಕ ನೋಡಿದ್ದು, ಬೆಳಗ್ಗೆ ಬಸ್‌ಸ್ಟ್ಯಾಂಡಿನವರೆಗೆ ನಡೆದದ್ದು ಅಂಥವು. ಎರಡನೇ ವಾರ ಅವನ್ನೇ ಹೊತ್ತು ಗೊತ್ತುಮಾಡಿ ದಿನಕ್ಕೆರಡು ಸಲ ಮಾಡಿ, ಮನಸ್ಸು ಬರಲಿ ಎಂದು ಕಾಯದೆ. ಈ ಕಾಯಿಲೆಯಲ್ಲಿ ಮೊದಲು ಕೈಕಾಲು ಆಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಕೆಡುವುದು ಎಲ್ಲಿ ಎಂದರೆ ಮೊದಲ ದಿನವೇ ಎಂಟು ಕಿ.ಮೀ. ಓಟ, ಮೂರು ಹೊಸ ನಿಯಮ ಎಂದು ಹೊರಟಾಗ. ಹದಿನೈದು ನಿಮಿಷಕ್ಕಿಂತ ದೊಡ್ಡದನ್ನು ಮೊದಲ ವಾರ ಹಾಕಿಕೊಳ್ಳಬೇಡಿ.

ನಿದ್ದೆಗೆ: ರಾತ್ರಿ ಎಷ್ಟೇ ಕೆಟ್ಟಿರಲಿ, ರಜೆಯ ದಿನವೂ ಆರಕ್ಕೇ ಏಳಿ. ಮಧ್ಯಾಹ್ನ ಎರಡರ ನಂತರ ಚಹಾ, ಕಾಫಿ ಬೇಡ. ಮೂರಕ್ಕೆ ಎಚ್ಚರವಾಗಿ ಇಪ್ಪತ್ತು ನಿಮಿಷದಷ್ಟು ಹೊರಳಾಡಿದ ಮೇಲೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು ಹಳೆಯ ಪತ್ರಿಕೆ ಓದಿ, ಕಣ್ಣು ಭಾರವಾದಾಗ ಮತ್ತೆ ಮಲಗಿ. ಗಡಿಯಾರ ನೋಡಬೇಡಿ, ಫೋನಂತೂ ಇನ್ನೊಂದು ಕೋಣೆಯಲ್ಲಿರಲಿ. ರಿಕವರಿ ಖಾತೆಗಳ ಚಿಂತೆಯನ್ನು ಸಂಜೆ ಏಳಕ್ಕೆ ಹಾಳೆಯ ಮೇಲೆ ಇಳಿಸಿ, ಪ್ರತಿಯೊಂದರ ಎದುರು ನಾಳೆ ಮಾಡುವ ಒಂದೇ ಕೆಲಸ ಬರೆಯಿರಿ. ಮೊದಲ ಹತ್ತು ದಿನ ನಿದ್ದೆ ಇನ್ನೂ ಕಡಿಮೆಯಾಗಿ ಹಗಲು ತೂಕಡಿಕೆ ಬರಬಹುದು. ಆ ದಿನಗಳಲ್ಲಿ ಹುಬ್ಬಳ್ಳಿಗೆ ಬೈಕ್ ಅಥವಾ ಕಾರು ಬೇಡ, ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ.

ಚಿಕಿತ್ಸೆ ಶುರುವಾದ ಆರು ವಾರಕ್ಕೆ ಪಿಎಚ್‌ಕ್ಯು-9 ಮತ್ತೆ ತುಂಬಿ. ಅಂಕ ಅರ್ಧಕ್ಕಿಳಿದಿದ್ದರೆ ದಾರಿ ಸರಿಯಿದೆ, ವರ್ಗಾವಣೆಯ ಬೆನ್ನು ಹತ್ತಲು ಶಕ್ತಿಯೂ ಬಂದಿರುತ್ತದೆ. ಇಳಿಯದಿದ್ದರೆ ಪ್ರಮಾಣ ಹೆಚ್ಚಿಸಬೇಕೇ, ಔಷಧ ಬದಲಿಸಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಬೇಕು. ಜನಸಂದಣಿಯ ಹೊರರೋಗಿ ವಿಭಾಗದಲ್ಲಿ ಸುಮ್ಮನಿದ್ದವರಿಗೆ ಅದೇ ಚೀಟಿ ಮತ್ತೆ ಬರೆಯಲ್ಪಡುತ್ತದೆ.